ಅರಬರ ಜಗಳದಲ್ಲಿ ಚೀನಾ ಎಲ್ಲಿದೆ?

ಚಿಗರಿ ಬಸ್ಸು ಸತ್ತೂರ ದಾಟುತ್ತಿತ್ತು. ಪಕ್ಕದ ಸೀಟಿನ ಹಿರಿಯರು ನನ್ನ ಗುರುತು ಹಿಡಿದರು. "ಅಲ್ರೀ ಸರ, ಅರಬ್ ದೇಶದಾಗ ಇಷ್ಟ ಹೊಡದಾಟ ನಡದೈತಿ. ಅಮೆರಿಕಾ ಬಾಂಬ್ ಹಾಕತೈತಿ, ರಷ್ಯಾ ವಿಮಾನ ಕಳಸತೈತಿ. ಚೀನಾ ಯಾಕ ಸುಮ್ಮನ ಕುಂತೈತಿ?"

ಒಳ್ಳೇ ಪ್ರಶ್ನೆ. ಆದರೆ ಚೀನಾ ಸುಮ್ಮನೆ ಕೂತಿಲ್ಲ. ಅದು ವ್ಯಾಪಾರ ಮಾಡ್ತಿದೆ.

ಸುಡಾನ್ ನೋಡಿ. 1990ರ ದಶಕದಲ್ಲಿ ಚೀನಾದ ಸರ್ಕಾರಿ ತೈಲ ಕಂಪನಿ ಅಲ್ಲಿಗೆ ಹೋಯಿತು. ಕೆಂಪು ಸಮುದ್ರದ ದಡದವರೆಗೆ ಪೈಪ್‌ಲೈನ್, ಖಾರ್ಟೂಮ್ ಹತ್ತಿರ ರಿಫೈನರಿ, ಎಲ್ಲ ಆಯಿತು. ಆಳುವವನು ಒಳ್ಳೆಯವನೋ ಕೆಟ್ಟವನೋ ಅಂತ ಕೇಳಲಿಲ್ಲ. ಕೇಳಿದವರಿಗೆ ಒಂದೇ ಉತ್ತರ: ಇನ್ನೊಬ್ಬರ ಮನೆ ಜಗಳದಲ್ಲಿ ನಾವು ತಲೆ ಹಾಕೋದಿಲ್ಲ. ಈ ಮಾತು 1954ರಲ್ಲಿ ಭಾರತದ ಜೊತೆ ಮಾಡಿಕೊಂಡ ಪಂಚಶೀಲ ಒಪ್ಪಂದದಲ್ಲೇ ಇದೆ!

ಚೀನಾಕ್ಕೆ ಪೆಟ್ಟು ಬಿದ್ದದ್ದು 2011ರಲ್ಲಿ. ಲಿಬಿಯಾ ಮೇಲೆ ಸೇನಾ ಕ್ರಮಕ್ಕೆ ಅವಕಾಶ ಕೊಡುವ ನಿರ್ಣಯ ಭದ್ರತಾ ಮಂಡಳಿಗೆ ಬಂದಾಗ ಚೀನಾ ತಡೆಯಲಿಲ್ಲ, ಮತ ಹಾಕದೆ ಉಳಿಯಿತು. ಭಾರತವೂ ಹಾಗೇ ಮಾಡಿತು. ನ್ಯಾಟೋ ಬಾಂಬ್ ಸುರಿಯಿತು, ಗಡಾಫಿ ಸತ್ತ. ಯುದ್ಧ ಶುರುವಾಗುತ್ತಲೇ ಚೀನಾ 35 ಸಾವಿರಕ್ಕೂ ಹೆಚ್ಚು ತನ್ನ ಜನರನ್ನು ಅಲ್ಲಿಂದ ಹೊತ್ತು ತರಬೇಕಾಯಿತು. ಆ ಪಾಠ ಮರೆಯಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಸಿರಿಯಾ ವಿಷಯ ಬಂದಾಗ ರಷ್ಯಾ ಜೊತೆ ಸೇರಿ ವೀಟೋ ಹಾಕಿತು.

ಇನ್ನು ಸಂಧಾನ. 2023ರ ಮಾರ್ಚ್ 10ರಂದು ಸೌದಿ ಮತ್ತು ಇರಾನ್ ಬೀಜಿಂಗ್‌ನಲ್ಲಿ ಕೈ ಕುಲುಕಿದವು. ಜಗತ್ತು ಬೆರಗಾಯಿತು. ಆದರೆ ಅವರಿಬ್ಬರೂ ರಾಜಿಗೆ ಮೊದಲೇ ತಯಾರಿದ್ದರು. ಸುಮಾರು ಐದೇ ವಾರಕ್ಕೆ, ಏಪ್ರಿಲ್ 15ಕ್ಕೆ, ಸುಡಾನ್‌ನಲ್ಲಿ ಇಬ್ಬರು ಜನರಲ್‌ಗಳ ಯುದ್ಧ ಶುರುವಾಯಿತು. ಇಬ್ಬರಿಗೂ ರಾಜಿ ಬೇಕಿರಲಿಲ್ಲ. ಅಷ್ಟು ದುಡ್ಡು ಸುರಿದ ಚೀನಾಕ್ಕೂ ಅದನ್ನು ನಿಲ್ಲಿಸಲಾಗಲಿಲ್ಲ. ನೌಕೆ ಕಳಿಸಿ ತನ್ನವರನ್ನು ಕರಕೊಂಡು ಹೋಯಿತು.

ಆಗ ನಮ್ಮವರೂ ಅಲ್ಲಿ ಸಿಕ್ಕಿಬಿದ್ದಿದ್ದರು. ಗಿಡಮೂಲಿಕೆ ಮಾರಿ ಹೊಟ್ಟೆ ಹೊರೆಯಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ. ಇಲ್ಲಿ ವಿಧಾನಸಭೆ ಚುನಾವಣೆಯ ಗದ್ದಲ, ಅಲ್ಲಿ ತಲೆ ಮೇಲೆ ಗುಂಡು. 'ಆಪರೇಷನ್ ಕಾವೇರಿ'ಯಲ್ಲಿ ಭಾರತ 3,800ಕ್ಕೂ ಹೆಚ್ಚು ಜನರನ್ನು ಸುಡಾನ್‌ನಿಂದ ಹೊರತಂದಿತು.

ಚೀನಾವನ್ನು ಬೈಯೋದು ಸುಲಭ. ಆದರೆ ಸುಡಾನ್‌ನ ಅದೇ ತೈಲ ಯೋಜನೆಯಲ್ಲಿ 2003ರಲ್ಲಿ ನಮ್ಮ ಒಎನ್‌ಜಿಸಿ ವಿದೇಶ್ ಕೂಡ ಪಾಲು ಕೊಂಡಿತ್ತು. ತೈಲ ಎಲ್ಲರಿಗೂ ಬೇಕು. ಹಿರಿಯರಿಗೆ ನಾನು ಹೇಳಿದ್ದು ಇಷ್ಟೇ: ಅಂಗಡಿ ಹಾಕಿದವರು ಬೀಗ ಹಾಕಿ ಹೊರಡಬಹುದು ಅಜ್ಜಾರ, ಆ ಊರಿನವರು ಎಲ್ಲಿಗೆ ಹೋಗಬೇಕು?