ಕ್ಲಾರಿಯೋನೆಟ್ಟಿನ ಕೀಚಲು ದನಿ

ಪಿರಿಯಾಪಟ್ಟಣದ ಓದುಗರೊಬ್ಬರು, ಬ್ಯಾಂಡ್‌ಸೆಟ್ಟಿಗೆ ಹೊಸದಾಗಿ ಸೇರಿರುವ ತಮ್ಮ ಮಗನ ಕ್ಲಾರಿಯೋನೆಟ್ ಮದುವೆಯ ಮೆರವಣಿಗೆಯ ನಡುವೆ, ಹಾಡು ಸರಿಯಾಗಿಯೇ ಸಾಗುತ್ತಿರುವಾಗ, ಇದ್ದಕ್ಕಿದ್ದಂತೆ ಕೀಚಲಿಟ್ಟು ಹತ್ತು ಜನರೆದುರು ಆತನ ತಲೆ ತಗ್ಗಿಸುವಂತೆ ಮಾಡುತ್ತದೆಂದೂ, ಹಿರಿಯ ವಾದಕರು ಅದನ್ನು ಕೈಗುಣವೆನ್ನುತ್ತಾರೆಂದೂ, ಅಂಗಡಿಯವರು ವಾದ್ಯವನ್ನೇ ಬದಲಿಸಬೇಕೆನ್ನುತ್ತಾರೆಂದೂ ಬರೆದು, ವಿಜ್ಞಾನವು ಇದಕ್ಕೆ ಏನು ಹೇಳುತ್ತದೆಂದು ಕೇಳಿದ್ದಾರೆ. ಕೀಚಲು ದನಿ ಕೈಗುಣವಲ್ಲ, ದುರದೃಷ್ಟವೂ ಅಲ್ಲ. ಆ ಕೊಳವೆಯು ಹೊಮ್ಮಿಸಬಲ್ಲ ಹಲವು ನಾದಗಳಲ್ಲಿ ನಾವು ಬಯಸದಿದ್ದ ಒಂದು ನಾದವೇ ಅದು. ಅದು ತಲೆಯೆತ್ತುವುದಕ್ಕೆ ಪ್ರತಿಸಲವೂ ಒಂದು ಕಾರಣವುಂಟು, ಆ ಕಾರಣವನ್ನು ಹುಡುಕಿ ಬೆರಳಿಟ್ಟು ತೋರಿಸಲೂಬಹುದು.

ಈ ವಾದ್ಯ ನಮ್ಮ ಸೀಮೆಗೆ ಹೊಸದೇನಲ್ಲ. ಕಾವೇರಿಯ ಪ್ರವಾಹಕ್ಕೀಡಾದ ಎಡತೊರೆಗೆ ಪ್ರತಿಯಾಗಿ ಕಟ್ಟಿದ ಕೃಷ್ಣರಾಜನಗರವು ಯಾರ ಹೆಸರನ್ನು ಹೊತ್ತಿದೆಯೋ ಆ ನಾಲ್ವಡಿ ಕೃಷ್ಣರಾಜ ಒಡೆಯರವರು, ಕರ್ನಾಟಕ ಸಂಗೀತಕ್ಕೆ ಆಶ್ರಯವಿತ್ತಂತೆಯೇ ಪಾಶ್ಚಾತ್ಯ ವಾದ್ಯವೃಂದವನ್ನೂ ಪೋಷಿಸಿ, ಅದರ ನಿರ್ದೇಶನಕ್ಕೆ ಜರ್ಮನಿಯ ಆಟೋ ಸ್ಮಿತ್ ಅವರನ್ನು ನಿಯಮಿಸಿದ್ದರು. ದಸರೆಯ ಮೆರವಣಿಗೆಯಲ್ಲಿ ಬ್ಯಾಂಡು ಕೇಳಿ ಬೆಳೆದ ಮೈಸೂರು ಜಿಲ್ಲೆಯ ಜನಕ್ಕೆ ಕ್ಲಾರಿಯೋನೆಟ್ಟಿನ ನಾದ ಚಿರಪರಿಚಿತ. ರಾಯಚೂರು ಸೀಮೆಯ ಪಂಡಿತ ನರಸಿಂಹಲು ವಡವಾಟಿಯವರು ಇದೇ ವಾದ್ಯದಲ್ಲಿ ಹಿಂದೂಸ್ತಾನಿ ಖಯಾಲನ್ನು ನುಡಿಸಿ ಅದಕ್ಕೆ ನಮ್ಮ ರಾಗಗಳ ಪದವಿಯನ್ನು ತಂದುಕೊಟ್ಟವರು. ಉತ್ತಮ ವಾದ್ಯಗಳ ಮೈಯನ್ನು ಮಾಡುವ ಆಫ್ರಿಕದ ಕರಿಮರವಂತೂ ಹೆಗ್ಗಡದೇವನಕೋಟೆಯ ಕಾಕನಕೋಟೆ ಕಾಡಿನ ಬೀಟೆಯ ಜ್ಞಾತಿಯೇ ಸರಿ. ಸಸ್ಯಶಾಸ್ತ್ರಜ್ಞರು ಎರಡನ್ನೂ ಡಾಲ್ಬರ್ಜಿಯ ಎಂಬ ಒಂದೇ ಕುಲದಲ್ಲಿ ಸೇರಿಸಿದ್ದಾರೆ.

ಆದರೆ ನಾದ ಹುಟ್ಟುವುದು ಮರದಲ್ಲಲ್ಲ, ಮೌತ್‌ಪೀಸಿಗೆ ಬಿಗಿದ ರೀಡಿನಲ್ಲಿ. ದಕ್ಷಿಣ ಫ್ರಾನ್ಸಿನಲ್ಲಿ ಬೆಳೆಯುವ, ಒಳಗೆ ಟೊಳ್ಳಾದ ಒಂದು ಜೊಂಡಿನ ಸೀಳನ್ನು ತುದಿಯಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ತೆಳುವಾಗಿ ಹೆರೆದು ಇದನ್ನು ಮಾಡುತ್ತಾರೆ. ರೀಡಿಗೂ ಮೌತ್‌ಪೀಸಿನ ತುದಿಗೂ ನಡುವೆ ಇರುವ ಕಂಡಿ ಸುಮಾರು ಒಂದು ಮಿಲಿಮೀಟರು. ಬಾಯಿಯ ಉಸಿರೆಲ್ಲ ಆ ಕಂಡಿಯಿಂದಲೇ ಒಳಹೋಗಬೇಕು.

ಕೃಷ್ಣರಾಜನಗರದ ಗದ್ದೆಬಯಲನ್ನು ಬಲ್ಲವರಿಗೆ ನಾಲೆಯ ತೂಬೂ ಅದನ್ನು ತೆರೆದು ಮುಚ್ಚುವ ನೀರುಗಂಟಿಯೂ ಗೊತ್ತು. ರೀಡನ್ನು ಅಂಥದೊಂದು ತೂಬಿನ ಬಾಗಿಲೆಂದೂ, ಕೊಳವೆಯನ್ನು ನಾಲೆಯೆಂದೂ ಭಾವಿಸೋಣ. ಇಲ್ಲಿ ನೀರುಗಂಟಿಯಾಗಿ ಕೆಲಸ ಮಾಡುವುದು ನಾಲೆಯ ಕೊನೆಯಿಂದ ಮರಳಿ ಬರುವ ಅಲೆ. ಬಾಗಿಲಿನಿಂದ ನುಗ್ಗಿದ ಒತ್ತಡವು ಕೊಳವೆಯ ತೆರೆದ ತುದಿಯನ್ನು ಮುಟ್ಟಿ ತಿರುಗಿ ಬಂದು ಬಾಗಿಲನ್ನು ಎಳೆದು ಮುಚ್ಚುತ್ತದೆ, ಮತ್ತೊಂದು ಸಲ ಹೋಗಿ ಬಂದು ತಳ್ಳಿ ತೆರೆಯುತ್ತದೆ. ಹೀಗೆ ಅಲೆಯು ಕೊಳವೆಯ ಉದ್ದವನ್ನು ನಾಲ್ಕು ಸಲ ಕ್ರಮಿಸಿದಾಗ ಒಂದು ಕಂಪನ ಪೂರ್ಣವಾಗುತ್ತದೆ. ಸುಮಾರು 60 ಸೆಂಟಿಮೀಟರಿನ ಕೊಳವೆಯಲ್ಲಿ ಇದು ಸೆಕೆಂಡಿಗೆ ಸರಿಸುಮಾರು 147 ಸಲ ನಡೆಯುವುದರಿಂದ ವಾದ್ಯದ ಅತಿ ಮಂದ್ರಸ್ವರ ಹುಟ್ಟುತ್ತದೆ. ಆದರೆ ಅದೇ ನಾಲೆಯಲ್ಲಿ ಇದಕ್ಕೆ ಮೂರುಪಟ್ಟು, ಐದುಪಟ್ಟು, ಏಳುಪಟ್ಟು ವೇಗದ ಅಲೆಗಳೂ ಓಡಾಡಬಲ್ಲವು. ಯಾವ ಅಲೆ ಪ್ರಬಲವೋ ಬಾಗಿಲು ಅದರ ಮಾತನ್ನೇ ಕೇಳುತ್ತದೆ. ನಾಲೆಯ ನಡುವೆ ಎಲ್ಲಿಯಾದರೂ ಏರಿ ಒಡೆದು ಬಿರುಕು ಬಿಟ್ಟರೆ ನಿಧಾನದ ಅಲೆ ಅಲ್ಲಿಯೇ ಸೋರಿ ಕುಗ್ಗುತ್ತದೆ, ವೇಗದ ಅಲೆಯೊಂದು ಬಾಗಿಲನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ.

ಇದು ಕೇವಲ ದೋಷದ ವಿವರಣೆಯಲ್ಲ. ಕ್ಲಾರಿಯೋನೆಟ್ಟಿನ ಹುಟ್ಟಿನ ಗುಟ್ಟೇ ಇದರಲ್ಲಿದೆ. ನ್ಯೂರೆಂಬರ್ಗ್ ನಗರದ ವಾದ್ಯಶಿಲ್ಪಿ ಯೋಹಾನ್ ಕ್ರಿಸ್ಟೋಫ್ ಡೆನ್ನರ್ 1700ರ ಸುಮಾರಿಗೆ ಷಾಲುಮೋ ಎಂಬ ಹಳೆಯ ವಾದ್ಯವನ್ನು ತಿದ್ದಿ ಇದನ್ನು ರೂಪಿಸಿದನೆಂದು ಪರಂಪರೆ ಹೇಳುತ್ತದೆ. ಈ ಹೊಸ ವಾದ್ಯದ ಹೆಚ್ಚುಗಾರಿಕೆಯೆಲ್ಲ ಮೇಲ್ಭಾಗದ ಒಂದು ಸಣ್ಣ ರಂಧ್ರದಲ್ಲಿ ಅಡಗಿತ್ತು. ಎಡಗೈ ಹೆಬ್ಬೆರಳು ಇಂದಿನ ವಾದ್ಯದಲ್ಲಿ ಆ ರಂಧ್ರದ ಕೀಯನ್ನು ಒತ್ತಿದೊಡನೆ ಮೂಲದ ಅಲೆ ಕುಗ್ಗಿ ಮೂರುಪಟ್ಟಿನ ಅಲೆ ಏಳುತ್ತದೆ. 147ರ ಸ್ವರ 440ರ ಸ್ವರವಾಗುತ್ತದೆ. ಎಂದಮೇಲೆ, ಸಕಾಲದಲ್ಲಿ, ಸರಿಯಾದ ಸ್ಥಾನದಲ್ಲಿ ವಾದಕನೇ ಬಿಟ್ಟುಕೊಟ್ಟ ಸೋರಿಕೆ ತಾರಸ್ಥಾಯಿಯನ್ನು ಕೊಡುತ್ತದೆ. ಬಲಗೈಯ ಉಂಗುರದ ಬೆರಳು ತನ್ನ ರಂಧ್ರವನ್ನು ಕೂದಲೆಳೆಯಷ್ಟು ಮುಚ್ಚದೆ ಬಿಟ್ಟಾಗ ಆಗುವ ಸೋರಿಕೆ ಕೀಚಲನ್ನು ಕೊಡುತ್ತದೆ. ಎರಡೂ ಒಂದೇ ತತ್ತ್ವದ ಮಕ್ಕಳು.

ರೀಡಿನ ಈ ವ್ಯವಹಾರವನ್ನು ಶಾಸ್ತ್ರೀಯವಾಗಿ ವಿಚಾರಿಸಿದ ಮೊದಲಿಗರಲ್ಲಿ ಒಬ್ಬನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್; ಸ್ವರಸಂವೇದನೆಯನ್ನು ಕುರಿತ ಆತನ ಮಹಾಗ್ರಂಥ 1863ರಲ್ಲಿ ಪ್ರಕಟವಾಯಿತು. ತಮ್ಮನ್ನು ರೂಪಿಸಿದ ಕೆಲವೇ ಪುಸ್ತಕಗಳಲ್ಲಿ ಅದೂ ಒಂದೆಂದು ಹೇಳಿಕೊಂಡ ಸರ್ ಸಿ. ವಿ. ರಾಮನ್ ಅವರು, ಬೆಂಗಳೂರಿಗೆ ಬರುವುದಕ್ಕೆ ಬಹಳ ಹಿಂದೆ, 1916ರಲ್ಲಿ, ಪಿಟೀಲು ಮತ್ತು ಚೆಲ್ಲೋಗಳಲ್ಲಿ ಕೆಲವು ಸ್ವರಗಳು ಮಾತ್ರ ಒರಟಾಗಿ ಗುರುಗುಟ್ಟುವ ದೋಷವನ್ನು ಪರೀಕ್ಷಿಸಿ ಅದರ ಕಾರಣವನ್ನು ವಿವರಿಸಿದ್ದರು. ವಾದ್ಯದ ದೋಷವನ್ನು ನಿಯಮಬದ್ಧವಾದ ವಿದ್ಯಮಾನವಾಗಿ ಕಾಣುವ ಆ ದೃಷ್ಟಿ ನನಗೆ ಅತ್ಯಂತ ಪ್ರಿಯವಾದುದು. ಮುಂದೆ 1974ರಲ್ಲಿ ವಿಲ್ಸನ್ ಮತ್ತು ಬೀವರ್ಸ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಇನ್ನೊಂದು ಮುಖ್ಯ ಸಂಗತಿಯನ್ನು ಸ್ಥಾಪಿಸಿದರು. ರೀಡಿಗೆ ತನ್ನದೇ ಆದ ಒಂದು ಕಂಪನವುಂಟು, ಅದು ಸೆಕೆಂಡಿಗೆ ಎರಡು ಮೂರು ಸಾವಿರದಷ್ಟು. ಕೆಳತುಟಿಯು ತನ್ನ ಮೆತ್ತನೆಯ ಮಾಂಸದಿಂದ ಅದನ್ನು ಅಡಗಿಸಿ ಹಿಡಿದಿರುವುದರಿಂದಲೇ ಕೊಳವೆಯ ಅಲೆಗೆ ಬಾಗಿಲಿನ ಮೇಲೆ ಅಧಿಕಾರ ದೊರೆಯುತ್ತದೆ. ತುಟಿಯ ಹಿಡಿತ ತಪ್ಪಿತೆಂದರೆ ರೀಡು ಕೊಳವೆಯನ್ನು ಮರೆತು ತನ್ನ ಪಾಡಿಗೆ ತಾನು ಕಿರುಚುತ್ತದೆ.

ಆದುದರಿಂದ ಕೀಚಲು ಎರಡು ಬಗೆಯದು. ಯಾವ ಬಗೆಯದೆಂದು ತಿಳಿಯುವುದೇ ಚಿಕಿತ್ಸೆಯ ಅರ್ಧ. ಒಂದೇ ಸ್ವರದಲ್ಲಿ, ಅಥವಾ ಒಂದು ಸ್ವರದಿಂದ ಇನ್ನೊಂದಕ್ಕೆ ದಾಟುವಾಗ ಮಾತ್ರ ಬರುವುದಾದರೆ ತಪ್ಪು ಬೆರಳಿನಲ್ಲೋ, ಕೀಯ ಅಡಿಯಲ್ಲಿದ್ದು ರಂಧ್ರವನ್ನು ಮುಚ್ಚುವ ಪ್ಯಾಡಿನಲ್ಲೋ ಇದೆ. ಬಹುತೇಕ ರಂಧ್ರಗಳು ತೆರೆದಿರುವ ಸ್ವರದಿಂದ ಎಲ್ಲವನ್ನೂ ಏಕಕಾಲದಲ್ಲಿ ಮುಚ್ಚುವ ಸ್ವರಕ್ಕೆ ಹೋಗುವ ಕಡೆ ಎಳೆಯ ಬೆರಳುಗಳು ಹಿಂದುಮುಂದಾಗುತ್ತವೆ. ತೋರುಬೆರಳಿನ ಬುಡವು ಪಕ್ಕದ ಕೀಗಳನ್ನು ಅರಿವಿಲ್ಲದೆ ತಾಗುವುದೂ ಉಂಟು. ಪ್ಯಾಡಿನ ಮೇಲೆ ಸಂದೇಹ ಬಂದರೆ ಅದರಡಿಗೆ ಸಿಗರೇಟಿನ ತೆಳುಕಾಗದದ ಪಟ್ಟಿಯನ್ನಿಟ್ಟು, ಮುಚ್ಚಿ, ಮೆಲ್ಲನೆ ಎಳೆದು ನೋಡಬೇಕು. ಸುತ್ತಲೂ ಒಂದೇ ಬಿಗಿಯಲ್ಲಿ ಬರದೆ ಒಂದು ಕಡೆ ಸಲೀಸಾಗಿ ಜಾರಿದರೆ ಸೋರಿಕೆ ಅಲ್ಲಿಯೇ. ಮುಂಗಾರಿನ ತೇವದಲ್ಲಿ ಪ್ಯಾಡುಗಳು ಊದಿಕೊಂಡು ಸ್ಪ್ರಿಂಗುಗಳಿಗೆ ತುಕ್ಕು ಹಿಡಿಯುವ ಈ ತಾಲ್ಲೂಕುಗಳಲ್ಲಿ ಈ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಅವಶ್ಯ.

ಯಾವ ಸ್ವರದಲ್ಲಾದರೂ ಬರಬಹುದಾದ ಕೀಚಲಿಗೆ ರೀಡನ್ನೂ ತುಟಿಯನ್ನೂ ವಿಚಾರಿಸಬೇಕು. ರೀಡಿನ ತುದಿ ಎಲ್ಲಿಯಾದರೂ ಹರಿದಿದೆಯೇ, ಅಲೆಅಲೆಯಾಗಿ ಸೊಟ್ಟಗಾಗಿದೆಯೇ, ಮೌತ್‌ಪೀಸಿನ ತುದಿಗೆ ಸಮನಾಗಿ ನಟ್ಟನಡುವೆ ಕೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರೆ ಬಹಳಷ್ಟು ಬಗೆಹರಿಯುತ್ತದೆ. ಒಣಗಿದ ರೀಡನ್ನು ಒಂದೆರಡು ನಿಮಿಷ ನೀರಿನಲ್ಲಿ ನೆನೆಸಿಯೇ ಕಟ್ಟಬೇಕು. ಮೌತ್‌ಪೀಸನ್ನು ಅತಿಯಾಗಿ ಬಾಯೊಳಕ್ಕೆ ತೆಗೆದುಕೊಂಡರೆ ತುಟಿಯ ಆಧಾರ ಇರಬೇಕಾದಲ್ಲಿ ಇರದೆ ಹೋಗುತ್ತದೆ. ನಮ್ಮ ಗಮಕಗಳಿಗೆ ಇಲ್ಲೊಂದು ವಿಶೇಷ ಕಷ್ಟವಿದೆ: ಜಾರುವಿಗಾಗಿ ರಂಧ್ರವನ್ನು ಅರ್ಧ ತೆರೆಯುವುದೂ ತುಟಿಯನ್ನು ಸಡಿಲಿಸುವುದೂ ಅನಿವಾರ್ಯವಾದುದರಿಂದ, ರಾಗವನ್ನು ನುಡಿಸುವವನು ಕೀಚಲಿನ ಅಂಚಿನಲ್ಲಿಯೇ ಸಂಚರಿಸಬೇಕಾಗುತ್ತದೆ, ಆ ಅಂಚನ್ನು ಮೀರದಿರುವ ಸಾಧನೆಗೆ ವರ್ಷಗಳು ಹಿಡಿಯುತ್ತವೆ.

ಈಚೆಗೆ ಪ್ಲಾಸ್ಟಿಕ್ಕಿನ ರೀಡು, ದುಬಾರಿ ಮೌತ್‌ಪೀಸು ಇವು ಕೀಚಲನ್ನು ಬುಡಸಮೇತ ಕಿತ್ತುಹಾಕುವವೆಂಬ ಜಾಹೀರಾತುಗಳು ಬರುತ್ತಿವೆ. ಪ್ಲಾಸ್ಟಿಕ್ಕಿನ ರೀಡು ತೇವಕ್ಕೆ ಡೊಂಕಾಗದೆಂಬುದು ನಿಜವಾದರೂ, ಸೋರುವ ಪ್ಯಾಡನ್ನಾಗಲಿ ರಂಧ್ರ ಮುಚ್ಚದ ಬೆರಳನ್ನಾಗಲಿ ಅದು ಸರಿಪಡಿಸಲಾರದು. ಆ ಜಾಹೀರಾತುಗಳ ಮಾತನ್ನು ನಾನು ನಂಬುವುದಿಲ್ಲ. ಪತ್ರ ಬರೆದ ಮಹನೀಯರಲ್ಲಿ ನನ್ನ ವಿನಂತಿಯಿಷ್ಟೆ: ಹೊಸ ವಾದ್ಯಕ್ಕೆ ಹಣ ಹೊಂದಿಸುವ ಮೊದಲು ಮಗನಿಗೆ ಒಂದು ಒಳ್ಳೆಯ ರೀಡನ್ನು ಕೊಡಿಸಿ, ಕಾಗದದ ಪಟ್ಟಿಯಿಂದ ಪ್ಯಾಡುಗಳನ್ನೆಲ್ಲ ಪರೀಕ್ಷಿಸಿ, ಆತನ ವಾದ್ಯವನ್ನು ಬಲ್ಲವರೊಬ್ಬರಿಂದ ಒಮ್ಮೆ ನುಡಿಸಿ ನೋಡಿ. ಅವರ ಕೈಯಲ್ಲೂ ಅದು ಕೀಚಲಿಟ್ಟರೆ ವಾದ್ಯವನ್ನು ರಿಪೇರಿಗೆ ಕೊಡಿ. ಇಡದಿದ್ದರೆ ಹುಡುಗನಿಗೆ ಇನ್ನಷ್ಟು ಕಾಲ ಕೊಡಿ.