ಮದುವೆಯ ಫೋಟೊ ಯಾರ ಸೊತ್ತು?

ಪ್ರಶ್ನೆ: ಮದುವೆ ಫೋಟೊಗಳ ಹಕ್ಕು ತೆಗೆದವರದ್ದೇ ಅಲ್ಲವೆ? (ಓದುಗರು, ಮಣಿಪಾಲ)

ಅಲ್ಲ. ಕ್ಯಾಮೆರಾ ಹಿಡಿದವರದ್ದೇ ಚಿತ್ರ ಎಂದು ಸ್ಟುಡಿಯೊದವರೂ ಮನೆಯವರೂ ನಂಬಿದ್ದಾರೆ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 17(ಬಿ) ಕಲಮಿನ ಪ್ರಕಾರ, ಹಣ ಪಡೆದು ಒಬ್ಬರ ಕೋರಿಕೆಯ ಮೇಲೆ ತೆಗೆದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಕಾಪು ದೀಪಸ್ತಂಭದ ಬಳಿಯ ಪ್ರಿವೆಡ್ಡಿಂಗ್ ಚಿತ್ರಕ್ಕೂ, ಉಡುಪಿಯ ಸಭಾಭವನದಲ್ಲಿ ತೆಗೆದ ಧಾರೆಯ ಚಿತ್ರಕ್ಕೂ ಇದೇ ನಿಯಮ. ಎರಡೂ ಕಡೆಯವರು ಬೇರೆಬೇರೆ ಫೋಟೊಗ್ರಾಫರರನ್ನು ಕರೆಸಿದ್ದರೆ ಅವರವರು ತೆಗೆಸಿದ ಚಿತ್ರಗಳಿಗೆ ಅವರವರೇ ಒಡೆಯರು.

ಹಾಗಾದರೆ ಕಲಾವಿದನ ಶ್ರಮಕ್ಕೆ ಬೆಲೆಯಿಲ್ಲವೆ ಎಂದು ಕೇಳಬಹುದು. ಇದೆ. ಕಾಯ್ದೆಯ ಕಣ್ಣಲ್ಲಿ ಆ ಚಿತ್ರದ ಕರ್ತೃ ಫೋಟೊಗ್ರಾಫರನೇ. ಕೃತಿ ತನ್ನದೆಂದು ಹೇಳಿಕೊಳ್ಳುವ, ಹೆಸರು ಕೆಡುವಂತೆ ಅದನ್ನು ತಿರುಚಿದರೆ ತಡೆಯುವ ಹಕ್ಕು 57ನೇ ಕಲಮಿನಡಿ ಅವನಿಗುಂಟು. ಆದರೆ ಮದುಮಗಳ ಮುಖವನ್ನು ಅನುಮತಿಯಿಲ್ಲದೆ ಸ್ಟುಡಿಯೊದ ಜಾಹೀರಾತಿಗೆ ಬಳಸುವುದಕ್ಕೆ ಕರ್ತೃತ್ವ ನೆಪವಾಗಬಾರದು. ಇನ್ನು ಎಡಿಟ್ ಮಾಡದ ಮೂಲ ಫೈಲುಗಳು: ಕೃತಿಸ್ವಾಮ್ಯ ನಿಮ್ಮದಾದ ಮಾತ್ರಕ್ಕೆ ಅವು ಕೈಗೆ ಬರುತ್ತವೆಂದು ಎಣಿಸಬೇಡಿ. ಮುಂಗಡ ಕೊಡುವ ದಿನವೇ ಅದನ್ನೂ ಜಾಲತಾಣದ ಬಳಕೆಯನ್ನೂ ಬರಹದಲ್ಲಿ ಇತ್ಯರ್ಥಪಡಿಸಿಕೊಳ್ಳಿ. ಸಹಿ ಹಾಕುವ ಮುನ್ನ ಹಕ್ಕು ಬಿಟ್ಟುಕೊಡುವ ಸಾಲು ಅದರಲ್ಲಿದೆಯೇ ಎಂದು ಓದಿ.