ಶೇ.10 ಡಿಸ್ಕೌಂಟ್ ಕೊಟ್ಟರೆ ಶೇ.50 ಹೆಚ್ಚು ದುಡಿಯಬೇಕು! ಮುಖರ್ಜಿ ನಗರದ ಬೈಂಡಿಂಗ್ ಅಂಗಡಿಯ ಲೆಕ್ಕ ಗೊತ್ತಾ?

ನವದೆಹಲಿ: ಉತ್ತರ ದೆಹಲಿಯ ಮುಖರ್ಜಿ ನಗರ ಎಂದರೆ ಯುಪಿಎಸ್‌ಸಿ ಆಕಾಂಕ್ಷಿಗಳ ಊರು, ಅದರಲ್ಲೂ ಹಿಂದಿ ಮಾಧ್ಯಮದವರದ್ದು. ಬಾತ್ರಾ ಸಿನಿಮಾ ಸುತ್ತಮುತ್ತ ಕೋಚಿಂಗ್ ಸೆಂಟರ್, ಪಿಜಿ, ಪುಸ್ತಕದಂಗಡಿಗಳ ನಡುವೆ ಜೆರಾಕ್ಸ್ ಮತ್ತು ಸ್ಪೈರಲ್ ಬೈಂಡಿಂಗ್ ಅಂಗಡಿಗಳೂ ಇವೆ. ಪಕ್ಕದಂಗಡಿಯವನು ಪುಟಕ್ಕೆ ಹತ್ತು ಪೈಸೆ ಇಳಿಸಿದರೆ ಇವನೂ ಇಳಿಸಲೇಬೇಕಾ? ಬೆಂಗಳೂರಿನ ವಿಜಯನಗರ, ಧಾರವಾಡದ ಸಪ್ತಾಪುರದಲ್ಲಿ ಇದೇ ವ್ಯಾಪಾರ ಮಾಡುವವರಿಗೂ ಇದು ಹೊಟ್ಟೆಪಾಡಿನ ಪ್ರಶ್ನೆಯೇ.

ಡಿಸ್ಕೌಂಟ್ ಎಲ್ಲಿಂದ ಹೋಗುತ್ತದೆ?

ಒಂದು ಉದಾಹರಣೆ ನೋಡಿ. 400 ಪುಟದ ನೋಟ್ಸ್, ಪುಟಕ್ಕೆ 1 ರೂಪಾಯಿಯಂತೆ 400 ರೂ. ಎಂದುಕೊಳ್ಳಿ. ಕಾಗದ, ಟೋನರ್, ಕರೆಂಟ್ ಎಲ್ಲ ಸೇರಿ ಖರ್ಚು 280 ರೂ. ಉಳಿಯುವುದು 120 ರೂ. ಗಿರಾಕಿ ಕೇಳಿದನೆಂದು ಶೇ.10 ಬಿಟ್ಟರೆ ಬಿಲ್ 360 ರೂ.ಗೆ ಇಳಿಯುತ್ತದೆ. ಆದರೆ ಖರ್ಚು ಇಳಿಯುವುದಿಲ್ಲ. ಕೈಗೆ ಉಳಿಯುವುದು 80 ರೂ. ಅಂದರೆ ಬಿಟ್ಟಿದ್ದು ಬೆಲೆಯ ಹತ್ತನೇ ಒಂದು ಪಾಲು, ಹೋಗಿದ್ದು ಲಾಭದ ಮೂರನೇ ಒಂದು ಪಾಲು! ಮೊದಲು 10 ಆರ್ಡರ್‌ಗೆ ಸಿಗುತ್ತಿದ್ದ 1,200 ರೂ. ಈಗ ಸಿಗಬೇಕಾದರೆ 15 ಆರ್ಡರ್ ಬೇಕು.

ಬಿಸ್ಕತ್ತು ಮಾರುವವನಾದರೆ 15 ಮಾರಬಹುದೇನೋ. ಇಲ್ಲಿ ಹಾಗಲ್ಲ. ಪ್ರತಿಯೊಬ್ಬರ ನೋಟ್ಸ್ ಬೇರೆ, ಪುಟದ ಅಳತೆ ಬೇರೆ. ಒಬ್ಬರಿಗೆ ಎರಡೂ ಬದಿ ಮುದ್ರಣ ಬೇಕು, ಇನ್ನೊಬ್ಬರಿಗೆ ಟಿಪ್ಪಣಿ ಬರೆಯಲು ಒಂದು ಬದಿ ಖಾಲಿ ಬೇಕು. ಯಂತ್ರ ಒಂದು, ಕೈ ಎರಡು. ಪ್ರಿಲಿಮ್ಸ್ ಹತ್ತಿರ ಬಂದಾಗ ಅಂಗಡಿ ಹೇಗೂ ತುಂಬಿರುತ್ತದೆ; ಆಗ ರಿಯಾಯಿತಿ ಬೋರ್ಡ್ ಹಾಕುವುದು ಬರುವ ದುಡ್ಡನ್ನು ತಾನೇ ತಳ್ಳಿದಂತೆ.

ಹಾಗಾದರೆ ಯಾವಾಗ ಕೊಡಬಹುದು?

ನಿಮ್ಮ ಖರ್ಚು ನಿಜವಾಗಿ ಇಳಿಯುವಾಗ. ಪುಟ ಜೋಡಿಸುವುದು, ಸೆಟ್ಟಿಂಗ್ ಮಾಡುವುದು, ಮಾದರಿ ತೆಗೆದು ತೋರಿಸುವುದು ಎಲ್ಲ ಮೊದಲ ಪ್ರತಿಗೇ ಮುಗಿಯುತ್ತದೆ. ಐವರು ರೂಮ್‌ಮೇಟ್‌ಗಳು ಒಂದೇ ನೋಟ್ಸ್‌ನ 5 ಪ್ರತಿ ಕೇಳಿದರೆ ಉಳಿದ ನಾಲ್ಕಕ್ಕೆ ಕಡಿಮೆ ದರ ನ್ಯಾಯವೇ. ಅದೇ ಐವರು ಐದು ಬೇರೆ ಬೇರೆ ನೋಟ್ಸ್ ತಂದು 'ಬಲ್ಕ್ ರೇಟ್' ಕೇಳಿದರೆ ಅದು ಬಲ್ಕ್ ಅಲ್ಲ, ಐದು ಬಿಡಿ ಕೆಲಸ. ಚೌಕಾಸಿ ನಡೆಯುವಾಗ ಈ ವ್ಯತ್ಯಾಸ ಮರೆತೇಹೋಗುತ್ತದೆ. ಹಾಗೆಯೇ 'ನಾಳೆ ಸಂಜೆ ಕೊಟ್ಟರೂ ನಡೆಯುತ್ತೆ' ಎನ್ನುವವರಿಗೆ ಸ್ವಲ್ಪ ಬಿಡಬಹುದು, ಯಂತ್ರ ಖಾಲಿ ಇದ್ದಾಗ ಆ ಕೆಲಸ ಮಾಡಿಕೊಳ್ಳಬಹುದು.

ಖಾಯಂ ಗಿರಾಕಿ ಎಷ್ಟು ದಿನ ಖಾಯಂ?

ಇಲ್ಲೇ ಇರುವುದು ಮುಖರ್ಜಿ ನಗರದ ವಿಶೇಷ. ಸಾಮಾನ್ಯ ವರ್ಗದ ಅಭ್ಯರ್ಥಿಗೆ 32 ವರ್ಷದೊಳಗೆ 6 ಪ್ರಯತ್ನ, ಒಬಿಸಿಗೆ 35ರೊಳಗೆ 9. ಪಾಸಾದರೆ ಮಸ್ಸೂರಿ ಅಥವಾ ಹೈದರಾಬಾದ್, ಆಗದಿದ್ದರೆ ಊರು. ಎಷ್ಟೇ ಒಳ್ಳೆಯ ಗಿರಾಕಿಯಾದರೂ ಕೆಲವೇ ವರ್ಷದಲ್ಲಿ ಹೋಗಿಬಿಡುತ್ತಾನೆ. ಹಾಗಾಗಿ ಇಲ್ಲಿ ನಂಬಿಕೆ ಉಳಿಯುವುದು ವ್ಯಕ್ತಿಯಲ್ಲಲ್ಲ, ಪಿಜಿಯ ರೂಮಿನಲ್ಲಿ. ಹಳಬ ಹೊಸಬನಿಗೆ 'ಅಲ್ಲೇ ಮಾಡಿಸು, ಪುಟ ತಪ್ಪಲ್ಲ' ಎಂದು ಹೇಳಿ ಹೋಗುತ್ತಾನೆ. ಆ ಮಾತನ್ನು ಹತ್ತು ಪೈಸೆ ರಿಯಾಯಿತಿಯಿಂದ ಕೊಳ್ಳಲಾಗದು. ಅರ್ಥಶಾಸ್ತ್ರದ ನೋಟ್ಸ್‌ನಲ್ಲಿ 12 ಪುಟ ತಲೆಕೆಳಗಾಗಿ ಬಂದರೆ ಡಿಸ್ಕೌಂಟ್ ಪಡೆದವನೂ ಮತ್ತೆ ಬರುವುದಿಲ್ಲ.

ಇವತ್ತೇ 40 ರೂ. ಬಿಡುವ ಬದಲು 'ಮುಂದಿನ ಆರ್ಡರ್‌ಗೆ 40 ರೂ.' ಎಂದು ಚೀಟಿ ಬರೆದುಕೊಡುವುದು ಇನ್ನೊಂದು ದಾರಿ. ಮರಳಿ ಬಾರದವನಿಂದ ನಷ್ಟವಿಲ್ಲ. ಬಂದವನಿಗೆ ಪೂರ್ತಿ ದರ ಎಷ್ಟೆಂಬುದು ನೆನಪಿರುತ್ತದೆ. ಒಮ್ಮೆ 90 ಪೈಸೆಗೆ ಮಾಡಿಸಿದವನಿಗೆ ಮತ್ತೆ 1 ರೂಪಾಯಿ ಹೇಳಿ ನೋಡಿ, ನೀವೇ ಬೆಲೆ ಏರಿಸಿದ ಅಪರಾಧಿ!

ಬಿಲ್ ಮತ್ತು ಕಾನೂನು

ಜಿಎಸ್‌ಟಿ ನೋಂದಣಿ ಇದ್ದರೆ ರಿಯಾಯಿತಿಯನ್ನು ಬಾಯಲ್ಲಿ ಹೇಳಿದರೆ ಸಾಲದು. ಕೇಂದ್ರ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 15ರ ಪ್ರಕಾರ, ಮಾರಾಟದ ವೇಳೆ ಬಿಲ್‌ನಲ್ಲೇ ನಮೂದಿಸಿದ ರಿಯಾಯಿತಿಯನ್ನು ತೆರಿಗೆ ಲೆಕ್ಕದ ಮೌಲ್ಯದಿಂದ ಕಳೆಯಬಹುದು. ಬರೆಯದಿದ್ದರೆ ಬಿಟ್ಟ ಹಣಕ್ಕೂ ತೆರಿಗೆ ಕಟ್ಟುವ ಪ್ರಸಂಗ ಬರಬಹುದು.

ಇನ್ನೊಂದು ವಿಷಯ. ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೋಕಾಪಿ ಅಂಗಡಿಯ ವಿರುದ್ಧ ವಿದೇಶಿ ಪ್ರಕಾಶಕರು ಹೂಡಿದ್ದ ಮೊಕದ್ದಮೆಯನ್ನು ದೆಹಲಿ ಹೈಕೋರ್ಟ್ 2016ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠ ಬೋಧನೆಗಾಗಿ ಪ್ರತಿ ತೆಗೆಯುವುದನ್ನು ಒಪ್ಪಿದರೂ ಕೆಲವು ಅಂಶಗಳ ವಿಚಾರಣೆಗೆ ಪ್ರಕರಣವನ್ನು ವಾಪಸ್ ಕಳಿಸಿತು. ಆ ತೀರ್ಪು ವಿಶ್ವವಿದ್ಯಾಲಯದ ಪಠ್ಯಕ್ರಮಕ್ಕೆ ಸಂಬಂಧಿಸಿದ್ದು. ಕೋಚಿಂಗ್ ಸಂಸ್ಥೆಯೊಂದರ ಮುದ್ರಿತ ನೋಟ್ಸ್ ಅನ್ನು ಅಗ್ಗದ ಸೆಟ್ ಮಾಡಿ ಕೌಂಟರ್‌ನಲ್ಲಿಟ್ಟು ಮಾರುವುದಕ್ಕೆ ಅದನ್ನು ಪರವಾನಗಿ ಎಂದು ಓದುವಂತಿಲ್ಲ. ವಿದ್ಯಾರ್ಥಿ ಸ್ವಂತ ಕೈಯಲ್ಲಿ ಬರೆದ ನೋಟ್ಸ್ ಬೈಂಡ್ ಮಾಡಿಕೊಡುವ ಕೆಲಸಕ್ಕೆ ಈ ಭಯವಿಲ್ಲ.